ಫೋಟೊದಲ್ಲಿರುವ ಮಗು

ಸಕ್ಕರೆ ಇನ್ನೂ ಹಲ್ಲಿನ ಸಂದಿಯಲ್ಲೇ ಇದೆ, ಬೇಡವೆಂದರೂ ನಾಲಿಗೆ ಅಲ್ಲಿಗೇ ಹೋಗುತ್ತದೆ, ಉಗಿದುಬಿಡೋಣ ಎಂದರೆ ಬಸ್ಸಿನ ಕಿಟಕಿ ನನ್ನ ಕಡೆಗಿಲ್ಲ, ಕಿಟಕಿ ಪಕ್ಕದವಳು ಸೊಪ್ಪಿನ ಚೀಲ ತಬ್ಬಿಕೊಂಡು ಬಾಯಿ ತೆರೆದು ನಿದ್ದೆ ಹೋಗಿದ್ದಾಳೆ, ನುಂಗಲೇಬೇಕು, ಮೆಹಬೂಬ್ ಬೀ ಕೈಯಾರೆ ಬಾಯಿಗೆ ಹಾಕಿದ ಸಕ್ಕರೆ, ಉಗಿದರೆ ಆ ಮುದುಕಿಗೆ ಉಗಿದಂತೆ, ನುಂಗಿದರೆ ನಾದಿನಿ ಸುಕನ್ಯಳ ಸುಳ್ಳನ್ನು ನುಂಗಿದಂತೆ. ಹೊಲಿಯಲು ಕೊಟ್ಟಿದ್ದ ಬ್ಲೌಸ್ ಈಸಿಕೊಳ್ಳಲು ಹೋದವಳು ನಾನು, ಅಷ್ಟೇ, ಬಾಬುರಾಯನಕೊಪ್ಪಲಿನಿಂದ ಗಂಜಾಮಿಗೆ, ಡೈರಿಗೆ ಹಾಲು ಹಾಕಿ, ಕೊಟ್ಟಿಗೆ ಗುಡಿಸಿ, ಮುಖ ತೊಳೆದು ಹೊರಟವಳು, ಮಿಷನ್ನಿನ ಮುಂದೆ ಯಾಸ್ಮೀನ್ ಇರಲಿಲ್ಲ, ಅವಳ ಅತ್ತೆ ಮೆಹಬೂಬ್ ಬೀ ಬಾಗಿಲಲ್ಲಿ ಕೂತು ಹುಕ್ಸು ಹಾಕುತ್ತಿದ್ದರು, ನನ್ನನ್ನು ಕಂಡದ್ದೇ ಕನ್ನಡಕ ಹಣೆಗೇರಿಸಿ ಎದ್ದರು, ಮುಬಾರಕ್ ಬೇಟಿ, ನಮ್ಗೆ ಒಂದ್ ಮಾತು ಹೇಳ್ಲಿಲ್ವಲ್ಲ, ಮಗೂನ ಯಾರ ಹತ್ರ ಬುಟ್ಟು ಬಂದೆ, ಅನ್ನುತ್ತ ಒಳಗೆ ಹೋಗಿ ಸಕ್ಕರೆ ತಂದು, ಯಾವ ಮಗು ಎಂದು ಕೇಳಲು ನಾನು ತೆರೆದ ಬಾಯಿಗೇ ಹಾಕಿಬಿಟ್ಟರು. ಯಾವ ಮಗು ಚಾಚಿ, ನಂಗೆಲ್ಲಿಂದ ಮಗು. ಅವರು ನಕ್ಕರು. ಫೋನು ತೆಗೆದು ಮುಖಕ್ಕೆ ಹಿಡಿದರು. ನಾನೇ. ಸಾಸಿವೆ ಬಣ್ಣದ ಸೀರೆ, ಮುಡಿ ತುಂಬ ಮಲ್ಲಿಗೆ, ತೋಳಲ್ಲಿ ಮಗು, ಮಗುವಿನ ಮುಷ್ಟಿಯಲ್ಲಿ ನನ್ನ ತಾಳಿ. ಕೆಳಗೆ ಕೆಂಪು ಅಕ್ಷರದಲ್ಲಿ, ಮೂವತ್ತೊಂಬತ್ತಕ್ಕೆ ತಾಯಿಯಾದ ನಮ್ಮ ರಂಜಿತ ಅತ್ತಿಗೆ, ಪಕ್ಕದಲ್ಲಿ ಸುಕನ್ಯ ಮಾರುವ ಆ ಹಾಳು ಪುಡಿ ಡಬ್ಬಿಯ ಚಿತ್ರ. ಇದು ನನ್ನ ಮಗು ಅಲ್ಲ ಚಾಚಿ, ಅಂದೆ, ಅವರು ನನ್ನ ಕೆನ್ನೆ ತಟ್ಟಿ, ನಜರ್ ಆಗುತ್ತೆ ಅಂತ ಹಂಗಂತೀಯ, ಗೊತ್ತು ಬುಡು, ನಾನೂ ನಮ್ಮ ಅಜ್ಮಲ್ ಹುಟ್ಟಿದಾಗ ನಲವತ್ತು ದಿನ ಯಾರ್ಗೂ ತೋರ್ಸ್ಲಿಲ್ಲ, ಅಂದರು. ನಿಜ ಹೇಳಿದರೆ ದೃಷ್ಟಿಗೆ ಹೆದರಿದ್ದಾಳೆ ಅನ್ನುತ್ತಾರೆ! ಇದಕ್ಕೇನು ಮಾಡಬೇಕು? ಯಾಸ್ಮೀನ್ ಎಲ್ಲಿ ಅಂದೆ. ನಿನ್ನ ನಾದ್ನಿ ಕಾರಲ್ಲೇ ಹೋದ್ಲಲ್ಲ, ನಾಗಮಂಗಲಕ್ಕೆ, ಮೀಟಿಂಗು, ಇವತ್ತೇ ಪುಡಿ ಕೋರ್ಸಿಗೆ ಸೇರ್ಕೋತಾಳೆ, ಸೋಮವಾರ ಮೈಸೂರು ಆಸ್ಪತ್ರೇಲಿ ಅಜ್ಮಲ್ ಟೈಮ್ ತಗೊಂಡಿದ್ದ, ರಂಜಿತಕ್ಕಂಗೇ ಆಯ್ತು, ನಂಗ್ಯಾಕೆ ಆಸ್ಪತ್ರೆ, ಸಾಯಂಕಾಲ ಬಂದು ಬ್ಯಾಡ ಅಂತ ಫೋನ್ ಮಾಡ್ಸ್ತೀನಿ ಅಂತ ಹೇಳಿ ಹೋದ್ಲು. ಬ್ಲೌಸ್ ಈಸಿಕೊಂಡು ಅಲ್ಲೇ ನಿಂತು ಯಾಸ್ಮೀನಳಿಗೆ ಫೋನು ಮಾಡಿದೆ, ಆಫ್. ಆಫ್ ಆಗದೆ ಇನ್ನೇನು, ಮೀಟಿಂಗಿನ ಬಾಗಿಲಲ್ಲೇ ಸುಕನ್ಯ ಎಲ್ಲರ ಫೋನೂ ಆಫ್ ಮಾಡಿಸುತ್ತಾಳೆ, ಮನಸ್ಸು ಇತ್ಲಾಗೇ ಇರ್ಲಿ ಅಂತ. ಯಾಸ್ಮೀನಳಿಗೆ ಮೂವತ್ತಾರು. ನನಗೆ ಆ ಡಬ್ಬಿ ಬಂದಾಗಲೂ ಮೂವತ್ತಾರೇ.

ಆಧಾರ್ ತೋರ್ಸವ್ವ, ಎಲ್ಲಿಗೆ, ಅನ್ನುತ್ತಾನೆ ಕಂಡಕ್ಟರ್, ನಾಗಮಂಗಲ, ಫ್ರೀ ಮಾಡಿದ್ದೇ ಮಾಡಿದ್ದು ಹೆಂಗಸ್ರೆಲ್ಲ ಬೆಳಿಗ್ಗೆನೇ ಎತ್ಲಾಗ್ ಒಂಟ್ಬುಡ್ತೀರವ್ವ, ಅನ್ನುತ್ತಾನೆ, ಬೇರೆ ದಿನವಾಗಿದ್ದರೆ ತಿರುಗಿಸಿ ಕೊಡುತ್ತಿದ್ದೆ, ನಿಮ್ಮನೆಯೋರು ಒಂಟಿಲ್ವೇನಪ್ಪ ಅಂತ, ಇವತ್ತು ಬಾಯಲ್ಲಿ ಸಕ್ಕರೆ. ಬಸ್ಸು ಪಾಂಡವಪುರದಲ್ಲಿ ಕಬ್ಬಿನ ಟ್ರಾಕ್ಟರಿನ ಹಿಂದೆ ಸಿಕ್ಕಿಕೊಂಡು ತೆವಳುತ್ತಿದೆ, ಹೋಗಪ್ಪ, ಬೇಗ ಹೋಗು, ಅಲ್ಲಿ ಅವಳು ಡಬ್ಬಿಯ ಮುಚ್ಚಳ ತೆಗೆದು ಮೂಸಿ ನೋಡುತ್ತಿರುತ್ತಾಳೆ. ಮೆಂತ್ಯ ಹುರಿದ ವಾಸನೆ, ಅದರ ಹಿಂದೆ ಇನ್ನೊಂದು, ಮುಗ್ಗಿದ ಹುರುಳಿಯದು. ಬಿಸಿ ಹಾಲಿಗೆ ಎರಡು ಚಮಚ, ಎಷ್ಟು ಕದಡಿದರೂ ತಳದಲ್ಲಿ ಬೂದು ಬಣ್ಣದ ಗಸಿ ಉಳಿಯುತ್ತದೆ, ಗಸಿ ಚೆಲ್ಬೇಡಿ ಅತ್ಗೆ, ಸಾರ ಎಲ್ಲ ಅಲ್ಲೇ ಇರೋದು, ಅನ್ನುತ್ತಿದ್ದಳು ಸುಕನ್ಯ, ಬೆರಳಿನಿಂದ ಬಳಿದು ನೆಕ್ಕಿದ್ದೇನೆ. ಮದುವೆಯಾದಾಗ ನನಗೆ ಮೂವತ್ತನಾಲ್ಕು, ತಡ, ಹೌದು, ಅಪ್ಪ ಹಾಸಿಗೆ ಹಿಡಿದಿದ್ದ, ತಂಗಿಯರನ್ನು ದಾಟಿಸಬೇಕಿತ್ತು, ಹಾಗಾಗಿ ತಡ, ಎರಡು ವರ್ಷ ನೋಡಿ ನಾನೇ ಅಂದೆ ಗಂಡ ನಾಗರಾಜುಗೆ, ಒಂದ್ಸಲ ತೋರ್ಸ್ಕೊಂಡ್ ಬರಾಣ, ಅವನೂ ಹೂಂ ಅಂದಿದ್ದ, ದಿನವೂ ಗೊತ್ತಾಗಿತ್ತು, ಆ ಭಾನುವಾರವೇ ಅವನ ತಂಗಿ ಸುಕನ್ಯ ಬಂದಳಲ್ಲ, ನಾಗಮಂಗಲದಿಂದ, ಹೊಸ ಸ್ಕೂಟಿ, ಎದೆಗೊಂದು ಪುಡಿ ಕಂಪನಿಯ ಹೊಳೆಯುವ ಪಿನ್ನು, ಅತ್ಗೆ, ವಯಸ್ಸು ಆಗೋದು ಮುಖಕ್ಕೆ, ಮೊಟ್ಟೆಗಲ್ಲ, ಮೊಟ್ಟೆಗೆ ಶಕ್ತಿ ಸಾಲ್ದು ಅಷ್ಟೇಯ, ಇದು ಮೊಟ್ಟೇನ ಹರೇದ್ ಹುಡ್ಗೀರ ಮೊಟ್ಟೆ ಮಾಡ್ತದೆ, ಆದ್ರೆ ಕೋರ್ಸ್ ಮುಗಿಯೋಗಂಟ ಡಾಕ್ಟ್ರ ತಾವ ಓಗ್ಬ್ಯಾಡಿ, ಇಂಗ್ಲಿಷ್ ಮಾತ್ರೆಗೂ ಇದ್ಕೂ ಆಗ್ಬರಲ್ಲ, ಒಳಗೇ ಹೊಡ್ದಾಡ್ತವೆ. ಎಷ್ಟು ಚೆನ್ನಾಗಿ ಬೇಲಿ ಹಾಕಿದಳು! ಮುಟ್ಟಾದರೆ ಕಸ ಒಂಟೋಯ್ತಾ ಅದೆ ಅನ್ನುವಳು, ನಾಲ್ಕು ದಿನ ತಡವಾದರೆ ನೋಡಿ ಕೆಲಸ ಮಾಡ್ತಾ ಅದೆ ಅನ್ನುವಳು, ತಲೆ ಸುತ್ತಿದರೂ ಪುಡಿ ಒಳ್ಳೆಯದು, ಸುತ್ತದಿದ್ದರೂ ಒಳ್ಳೆಯದು, ಏನಾದರೂ ಗೆಲ್ಲುವುದು ಪುಡಿಯೇ, ಸೋಲುವುದು ನಾನು, ನೀವು ನಂಬ್ಕೆ ಇಟ್ಟು ಕುಡೀತಿಲ್ಲ ಅತ್ಗೆ. ಅತ್ತೆ ದೊಡ್ಡತಾಯಮ್ಮ ಬೇರೆ, ಒಳ್ಳೆಯ ಹೆಂಗಸು, ಒಂದು ದಿನ ಒಂದು ಕೊಂಕು ಮಾತಾಡಿದವರಲ್ಲ, ಆ ಒಳ್ಳೆಯತನದಲ್ಲೇ ನನ್ನನ್ನು ಕಟ್ಟಿಹಾಕಿದರು, ಮೊದಲ ಡಬ್ಬಿಯನ್ನು ಹಸಿರು ಬಳೆ ಜೊತೆ ನಿಮಿಷಾಂಬನ ಗುಡಿಗೆ ಒಯ್ದು ಅಮ್ಮನ ಪಾದದ ಹತ್ತಿರ ಇರಿಸಿ, ಮುಚ್ಚಳಕ್ಕೆ ಕುಂಕುಮ ಹಚ್ಚಿಸಿಕೊಂಡು ಬಂದರು, ಅಮ್ಮನ ಮುಂದೆ ಇಟ್ಟಿದ್ದು ಕನವ್ವ, ಮಧ್ಯಕ್ಕೆ ಬುಡ್ಬಾರ್ದು. ಮುಗಿಯಿತು. ಅಂಗಡಿಯ ಪುಡಿ ಅವತ್ತಿಂದ ಪ್ರಸಾದ. ಪ್ರಸಾದವನ್ನು ಯಾರು ಮಧ್ಯಕ್ಕೆ ಬಿಡುತ್ತಾರೆ, ಪ್ರಸಾದ ಫಲಿಸಲಿಲ್ಲ ಎಂದು ಯಾರು ಬಾಯಿಬಿಡುತ್ತಾರೆ, ಒಂದು ಕೋರ್ಸ್ ಮುಗಿದರೆ ಇನ್ನೊಂದು, ಖಾಲಿ ಡಬ್ಬಿಗಳಲ್ಲಿ ಸಾಸಿವೆ, ಜೀರಿಗೆ, ಒಣಮೆಣಸಿನಕಾಯಿ, ಅಡುಗೆಮನೆಯ ಹಲಗೆಯ ಉದ್ದಕ್ಕೂ ಅದೇ ಡಬ್ಬಿ, ಪ್ರತಿ ಡಬ್ಬಿಯ ಮೇಲೂ ಹಲ್ಲಿಲ್ಲದ ಬಾಯಲ್ಲಿ ನಗುವ ಅದೇ ಕೂಸು, ಒಗ್ಗರಣೆಗೆ ಸಾಸಿವೆ ತೆಗೆದಾಗಲೂ ನಗು, ಮುಟ್ಟಾಗಿ ಹೊಟ್ಟೆ ಹಿಡಿದುಕೊಂಡು ಕೂತಾಗಲೂ ನಗು.

ಟ್ರಾಕ್ಟರು ಪಕ್ಕಕ್ಕೆ ಸರಿಯಿತು, ಬಸ್ಸು ಓಡುತ್ತಿದೆ, ಗಾಳಿ. ಕಣ್ಣು ತೆರೆಸಿದ್ದು ಚಿನ್ನು, ನಮ್ಮ ಹಸು, ಬೇರೆ ಯಾರೂ ಅಲ್ಲ. ಈ ಮಳೆಗಾಲಕ್ಕೆ ಮುಂಚೆ ಎರಡು ಸಲ ಇಂಜೆಕ್ಷನ್ ಕೊಡಿಸಿದರೂ ಗಬ್ಬ ನಿಲ್ಲಲಿಲ್ಲ, ಮೂರನೇ ಸಲ ಬೆದೆಗೆ ಬಂದಾಗ ನಾಗರಾಜು ಅಂಗಿ ಗುಂಡಿ ಹಾಕಿಕೊಳ್ಳುತ್ತಲೇ ಬೈಕ್ ಹತ್ತಿದ, ಸುಮ್ನೆ ಇಂಜೆಕ್ಷನ್ ಮಾಡ್ಸ್ತಾ ಕುಂತ್ರೆ ಟೈಮ್ ಓಯ್ತದೆ ಕಣೆ, ಡಾಕ್ಟ್ರೇ ಬಂದು ನೋಡ್ಲಿ, ಅಂದ. ಟೈಮ್ ಹೋಗುತ್ತದೆ! ಹಸುವಿನ ಟೈಮು! ದನದ ಡಾಕ್ಟರು ಬಂದರು, ಭುಜದವರೆಗೆ ಪ್ಲಾಸ್ಟಿಕ್ ಚೀಲ ಹಾಕಿಕೊಂಡು ಒಳಗೆ ಕೈಯಿಟ್ಟು ನೋಡಿದರು, ನಾನು ಬಕೆಟ್ಟಿನಲ್ಲಿ ಬಿಸಿನೀರು, ಸೋಪು, ಟವಲು ಹಿಡಿದು ನಿಂತಿದ್ದೆ, ನಾಗರಾಜು ಕೇಳಿದ, ಸಾ, ಮಿನರಲ್ ಪುಡಿ ಬೂಸಾಗೆ ಹಾಕ್ತಾನೇ ಇವ್ನಿ, ಆದ್ರೂ ಯಾಕೆ ಇಂಗೆ. ಡಾಕ್ಟರು ಕೈ ತೊಳೆಯುತ್ತ ಅಂದರು, ಪುಡಿ ಹಾಕಿ, ಬೇಡ ಅನ್ನಲ್ಲ, ಮೈಗೆ ಒಳ್ಳೇದು, ಆದ್ರೆ ಗರ್ಭಕೋಶದಲ್ಲಿ ತೊಂದ್ರೆ ಇದ್ರೆ ಪುಡಿ ಏನ್ ಮಾಡ್ತದ್ರೀ, ಒಳಗೆ ಏನಾಗಿದೆ ಅಂತ ನೋಡ್ಬೇಕು ಮೊದ್ಲು. ಅಷ್ಟೇ ಅಂದದ್ದು. ಹಸುವಿಗೆ. ಟವಲು ನನ್ನ ಕೈಯಿಂದ ಸಗಣಿಗೆ ಬಿತ್ತು. ಅವತ್ತು ಬೆಳಿಗ್ಗೆಯೂ ಲೋಟದ ಗಸಿ ಬಳಿದು ನೆಕ್ಕಿ ಬಂದಿದ್ದೆ. ಮೂರು ವರ್ಷ ಯಾರೂ ನನ್ನನ್ನು ನೋಡಿರಲಿಲ್ಲ, ಒಳಗೆ ಏನಾಗಿದೆ ಅಂತ ಯಾರೂ ಕೇಳಿರಲಿಲ್ಲ, ಹಾಲು ಕೊಡುವ ಪ್ರಾಣಿಗೆ ಎರಡು ಸಲದ ತಾಳ್ಮೆ, ನನಗೆ ಮೂರು ವರ್ಷದ್ದು. ಅಲ್ಲ ಕಣಯ್ಯ ನಾಗರಾಜು, ಆ ಇಂಜೆಕ್ಷನ್ನಿನ ಹೋರಿಯ ವೀರ್ಯವನ್ನೂ ಪರೀಕ್ಷೆ ಮಾಡಿ ಕಡ್ಡಿಗೆ ತುಂಬಿ ಕಳಿಸುತ್ತಾರೆ, ನೀನೇ ಹೇಳಿದ್ದು, ನಿನ್ನದನ್ನು ಒಂದ್ಸಲ ತೋರಿಸು ಅಂದರೆ, ನಂದೇನಿಲ್ಲ ಬುಡಮ್ಮಿ, ನಾನ್ ಚೆನ್ನಾಗೇ ಇವ್ನಲ್ಲ, ಅಂದು ಮೇವಿನ ಹೊರೆ ಬಿಚ್ಚಲು ಹೋದೆ ನೀನು, ಹೋರಿಗಿಲ್ಲದ ನಾಚಿಕೆ ನಿನಗೆ.

ಬೂಸಾ ತರುತ್ತೇನೆಂದು ಹೇಳಿ ಒಬ್ಬಳೇ ಮೈಸೂರಿಗೆ ಹೋದೆ. ಡಾಕ್ಟರಮ್ಮ ನನಗಿಂತ ಚಿಕ್ಕವಳು, ಬೆರಳಿಗೆ ಅಂಟಿದ ಸ್ಕ್ಯಾನಿನ ಅಂಟನ್ನು ಒರೆಸಿಕೊಳ್ಳುತ್ತ ರಕ್ತ ಪರೀಕ್ಷೆಗೆ ಬರೆದುಕೊಟ್ಟಳು, ರಿಪೋರ್ಟು ಬಂದ ಮೇಲೆ ಬಾಗಿಲು ಮುಚ್ಚಿಸಿ ಕುರ್ಚಿ ಹತ್ತಿರ ಎಳೆದುಕೊಂಡಳು, ಆಗಲೇ ಗೊತ್ತಾಯಿತು, ಒಳ್ಳೆಯ ಸುದ್ದಿಗೆ ಯಾರೂ ಕುರ್ಚಿ ಎಳೆದುಕೊಳ್ಳುವುದಿಲ್ಲ. ಹೆಣ್ಣುಮಗು ಹುಟ್ಟುವಾಗಲೇ ಮೊಟ್ಟೆ ಇಷ್ಟು ಅಂತ ಬಂದಿರುತ್ತೆ ಅಮ್ಮ, ಹೊಸದು ಹುಟ್ಟಲ್ಲ, ಮೂವತ್ತೈದು ದಾಟಿದ ಮೇಲೆ ಬೇಗಬೇಗ ಕಡಿಮೆಯಾಗುತ್ತೆ, ಉಳಿದಿದ್ದೂ ಗಟ್ಟಿ ಇರಲ್ಲ, ಅದಕ್ಕೇ ಆ ವಯಸ್ಸಿನವರು ಆರು ತಿಂಗಳು ನೋಡಿ ಬಂದುಬಿಡಿ ಅಂತೀವಿ, ನಿಮ್ಮದು ವಯಸ್ಸಿಗಿಂತಲೂ ಕಮ್ಮಿ ಆಗಿದೆ, ಇನ್ನು ಆಗೋದು ಬಹಳ ಕಷ್ಟ. ಚೀಲದಿಂದ ಡಬ್ಬಿ ತೆಗೆದು ಮೇಜಿನ ಮೇಲಿಟ್ಟೆ. ತಿರುಗಿಸಿ ಓದಿದಳು, ಬೈಯಲಿಲ್ಲ, ಬೈದಿದ್ದರೆ ಹಗುರಾಗುತ್ತಿತ್ತು. ಇದರಲ್ಲಿ ಒಂದಿಷ್ಟು ವಿಟಮಿನ್ ಇದೆ, ಒಂದಿಷ್ಟು ಬೇರು ಸೊಪ್ಪಿನ ಪುಡಿ, ಇದು ವಯಸ್ಸನ್ನ ಹಿಂದಕ್ಕೆ ತಿರುಗಿಸುತ್ತೆ ಅನ್ನೋದಕ್ಕೆ ಆಧಾರ ಇಲ್ಲ, ಬಸಿರಾಗೋರಿಗೆ ಫೋಲಿಕ್ ಆಸಿಡ್ ಮಾತ್ರೆ ಬೇಕು, ಅದೂ ಮಗುವಿನ ಬೆನ್ನುಹುರಿ ಸರಿಯಾಗಿ ಬೆಳೀಲಿ ಅಂತ, ಮೊಟ್ಟೆ ಜಾಸ್ತಿ ಮಾಡೋಕಲ್ಲ, ಅದನ್ನ ಸರ್ಕಾರಿ ಆಸ್ಪತ್ರೇಲಿ ಸುಮ್ಮನೆ ಕೊಡ್ತಾರೆ. ಮೂರು ವರ್ಷದ ಹಿಂದೆ ಬಂದಿದ್ರೆ ಅಂದೆ. ಆಗಿಯೇ ಆಗ್ತಿತ್ತು ಅಂತ ಹೇಳಲ್ಲ, ದಾರಿಗಳು ಜಾಸ್ತಿ ಇರ್ತಿದ್ವು, ಅಂದಳು. ದಾರಿ. ಇದ್ದ ದಾರಿಗೆ ಬೇಲಿ ಹಾಕಿದ್ದು ಯಾರು, ನನ್ನ ಗಂಡನ ಒಡಹುಟ್ಟಿದವಳು, ಎರಡು ಹೆತ್ತವಳು, ತಾನು ಬಸುರಾಗಿದ್ದಾಗ ತಿಂಗಳು ತಿಂಗಳು ಡಾಕ್ಟರ ಹತ್ತಿರ ತಪ್ಪದೆ ಹೋದವಳು, ತನಗೆ ಯಾವ ಪುಡಿಯನ್ನೂ ಕದಡಿಕೊಳ್ಳದವಳು. ನಾಗರಾಜುಗೆ ಹೇಳಿದೆ ಆ ರಾತ್ರಿ, ಗೋಡೆ ಕಡೆ ತಿರುಗಿ ಮಲಗಿದ, ಆಮೇಲೆ ಅವನ ಬೆನ್ನು ಅಲುಗುತ್ತಿತ್ತು, ಅಳುತ್ತಿದ್ದ, ನನಗೆ ಅವನನ್ನು ತಟ್ಟಬೇಕೆನ್ನಿಸಿತು, ಒದೆಯಬೇಕು ಅಂತಲೂ ಅನ್ನಿಸಿತು, ಎರಡನ್ನೂ ಮಾಡಲಿಲ್ಲ. ಸುಕನ್ಯಳಿಗೆ ಅಣ್ಣನೇ ಫೋನಿನಲ್ಲಿ ಹೇಳಿದ್ದಾನೆ, ಇಂಗಿಂಗೆ ಅಂತ. ಅವಳಿಗೆ ಗೊತ್ತು. ಗೊತ್ತಿದ್ದೂ ಆ ಫೋಟೊ.

ತೆಂಗು ಶುರುವಾಯಿತು, ರಾಗಿ ಹೊಲ, ಕೆಂಪು ಮಣ್ಣು, ಕಾಲುವೆ ಹಿಂದೆ ಉಳಿಯಿತು, ಸೊಪ್ಪಿನವಳು ಇಳಿದಳು, ಕಿಟಕಿ ಸಿಕ್ಕಿತು, ಸಕ್ಕರೆ ಎಂದೋ ಕರಗಿಹೋಗಿದೆ, ಉಗಿಯಲು ಏನೂ ಇಲ್ಲ. ಆ ಫೋಟೊ ಕೆ.ಆರ್. ಪೇಟೆಯಲ್ಲಿ ತೆಗೆದದ್ದು, ಕಿಶನ್ ಮನೆಯಲ್ಲಿ, ಕಿಶನ್ ಎಂದರೆ ನಾಗರಾಜುವಿನ ಚಿಕ್ಕಪ್ಪನ ಮಗ, ಅವನ ಮಗುವಿನ ನಾಮಕರಣ, ಹೋಗಬಾರದು ಅಂದುಕೊಂಡಿದ್ದೆ, ಡಾಕ್ಟರಮ್ಮನ ಮಾತು ಕೇಳಿ ಹದಿನೈದು ದಿನವೂ ಆಗಿರಲಿಲ್ಲ, ಹೋದೆ, ಹೋಗದಿದ್ದರೆ ಹೊಟ್ಟೆಕಿಚ್ಚು ಅನ್ನುತ್ತಾರೆ. ತೊಟ್ಟಿಲ ಹತ್ತಿರ ಹೋಗಲಿಲ್ಲ, ಸಾರಿನ ಬಕೆಟ್ಟಿನ ಹತ್ತಿರ ನಿಂತು ಬಡಿಸುವವರಿಗೆ ತುಂಬಿಕೊಡುತ್ತಿದ್ದೆ, ಕಿಶನ್ ಹೆಂಡತಿಯೇ ಹುಡುಕಿಕೊಂಡು ಬಂದಳು, ರಂಜಿತಕ್ಕ ಇಲ್ಲಿ ಅವಿತ್ಕೊಂಡಿದ್ದೀರಾ, ಹಿಡ್ಕೊಳಿ, ಬೆಳಿಗ್ಗೆಯಿಂದ ಕೈ ಬಿದ್ದೋದೊ ನಂಗೆ, ಅಂತ ಕೂಸನ್ನು ತೋಳಿಗೆ ತುರುಕಿ ಹೋದಳು. ಭಾರ ಇರಲಿಲ್ಲ. ಬಿಸಿ ಇತ್ತು. ಅದು ಕೊರಳ ಹತ್ತಿರ ತಡಕಿ ನನ್ನ ತಾಳಿಯನ್ನು ಹಿಡಿಯಿತು, ಬಿಗಿಯಾಗಿ, ಇಷ್ಟಿಷ್ಟೇ ಬೆರಳು, ಉಗುರಿನ ಸುತ್ತ ಸಿಪ್ಪೆ ಏಳುತ್ತಿತ್ತು. ಅತ್ಗೆ, ಇತ್ಲಾಗ್ ನೋಡಿ, ಅಂದಳು ಸುಕನ್ಯ, ಫೋನು ಹಿಡಿದು. ನೋಡಿದೆ. ನಗು ಬಂದುಬಿಟ್ಟಿತು, ಕಳ್ಳ ನಗುವಲ್ಲ, ನಿಜವಾದ್ದೇ, ಅದೇ ನನ್ನ ಸಿಟ್ಟು, ಆ ನಗು ನನ್ನದು, ಬೇರೆ ಯಾರ ಸಾಮಾನೂ ಅಲ್ಲ, ಅದನ್ನು ಡಬ್ಬಿಯ ಪಕ್ಕ ಅಂಟಿಸಿದಳು. ಆಮೇಲೆ ಅದರ ತಾಯಿ ಹಾಲು ಕುಡಿಸಲು ಕರೆದಳು, ಮಗು ಬಿಡಲಿಲ್ಲ, ನಾನೇ ಅದರ ಬೆರಳು ಬಿಡಿಸಬೇಕಾಯಿತು, ಒಂದೊಂದಾಗಿ, ಒಂದು ಬಿಡಿಸಿದರೆ ಬಿಡಿಸಿದ್ದು ಮತ್ತೆ ಮಡಚಿಕೊಳ್ಳುತ್ತಿತ್ತು —

ನಾಗಮಂಗಲ, ನಾಗಮಂಗಲ, ಇಳ್ಕೊಳ್ಳಿ. ಮೀಟಿಂಗು ನಡೆಯುವ ಕಲ್ಯಾಣ ಮಂಟಪ ಬಸ್‌ಸ್ಟ್ಯಾಂಡಿನ ಹಿಂದೆಯೇ, ಬಾಗಿಲಿಗೆ ಬಲೂನು, ಫೋನ್ ಆಫ್ ಮಾಡಿ ಮೇಡಂ ಅನ್ನುತ್ತಾಳೆ ಬಾಗಿಲ ಹುಡುಗಿ, ಮಾಡಲ್ಲ ಹೋಗಮ್ಮಿ. ಕುರ್ಚಿ ತುಂಬ ಹೆಂಗಸರು, ತುಂಬ ಚಿಕ್ಕವರಿಲ್ಲ, ತುಂಬ ದೊಡ್ಡವರೂ ಇಲ್ಲ, ಎಲ್ಲ ನನ್ನಂಥವರೇ, ಕೈಚೀಲ ಮಡಿಲಲ್ಲಿಟ್ಟುಕೊಂಡು ಬೆನ್ನು ನೆಟ್ಟಗೆ ಮಾಡಿ ಕೂತವರು, ಆಸ್ಪತ್ರೆಯಲ್ಲಿ ಹೆಸರು ಕೂಗುವುದನ್ನು ಕಾಯುವವರಂತೆ, ಮುಂದೆ ಗೋಡೆಯಷ್ಟಗಲದ ಪರದೆ, ಪರದೆಯ ಮೇಲೆ ನಾನು. ನನ್ನ ತಲೆ ಬಾಗಿಲಷ್ಟು ದೊಡ್ಡದು. ಆ ಮುಷ್ಟಿ ಕುಂಬಳಕಾಯಿಯಷ್ಟು. ಮೂರನೇ ಸಾಲಿನಲ್ಲಿ ಯಾಸ್ಮೀನ್, ಕಪ್ಪು ಬುರ್ಖಾ, ಅವಳ ತೊಡೆಯ ಮೇಲೆ ಆಗಲೇ ಒಂದು ಡಬ್ಬಿ, ನನ್ನನ್ನು ನೋಡಿ ಮುಖ ಅರಳಿತು, ಅಕ್ಕ ಅಂತ ತುಟಿ ಅಲುಗಿತು. ಸುಕನ್ಯ ಒಂದು ಗಳಿಗೆ ಬೆಚ್ಚಿದಳು, ನೋಡಿದೆ ನಾನು, ಒಂದೇ ಗಳಿಗೆ, ತಕ್ಷಣ ಕೈ ಚಾಚಿ, ನೋಡಿ ನೋಡಿ, ನಮ್ಮತ್ಗೇನೇ ಬಂದ್ಬುಟ್ರು, ಚಪ್ಪಾಳೆ ತಟ್ಟಿ ಎಲ್ರೂ, ಬನ್ನಿ ಅತ್ಗೆ ಎರಡು ಮಾತಾಡಿ. ಧೈರ್ಯ ನೋಡು! ಜನರ ಮುಂದೆ ಮನೆಯ ಮಾನ ಕಳೆಯುವುದಿಲ್ಲ ಅಂತ ಲೆಕ್ಕ ಹಾಕಿದ್ದಾಳೆ, ನಾನು ಯಾವತ್ತೂ ಕಳೆದವಳಲ್ಲ, ಅದು ಅವಳಿಗೆ ಗೊತ್ತು. ಮೈಕು ತೆಗೆದುಕೊಂಡೆ. ಈ ಮಗು ನಂದಲ್ಲ, ಅಂದೆ. ನನ್ನ ದನಿ ನನಗೇ ಗೋಡೆಯಿಂದ ಬಂದು ಹೊಡೆಯಿತು. ಇದು ಕೆ.ಆರ್. ಪೇಟೆ ಕಿಶನ್ ಮಗು, ನಂಗೆ ಮಕ್ಕಳಿಲ್ಲ. ಸುಕನ್ಯ ನಕ್ಕಳು, ಪಕ್ಕದಿಂದಲೇ, ಅಯ್ಯೋ ಇಷ್ಟು ಜನದ ಕಣ್ಣು ನೋಡಿ ದೃಷ್ಟಿ ಆದದು ಅಂತ ನಮ್ಮತ್ಗೆಗೆ ಭಯ, ಮನೇಲೂ ಇಂಗೇಯ, ಮಗೀನ ಸೆರಗಿಂದ ಈಚೆಗೆ ತೆಗಿಯಕ್ಕಿಲ್ಲ. ಎಲ್ಲರೂ ನಕ್ಕರು. ಪ್ರೀತಿಯಿಂದ ನಕ್ಕರು, ಅದೇ ಕಷ್ಟ, ಮುಂದಿನ ಸಾಲಿನ ಮುದುಕಿಯೊಬ್ಬಳು ಎರಡೂ ಕೈಯಲ್ಲಿ ನೆಟಿಗೆ ಮುರಿದು ನನ್ನ ದೃಷ್ಟಿ ತೆಗೆದಳು, ಚೆನ್ನಾಗಿರವ್ವ. ಯಾಸ್ಮೀನ್ ಕೂಡ ನಗುತ್ತಿದ್ದಳು, ಡಬ್ಬಿಯನ್ನು ಎದೆಗೆ ಒತ್ತಿಕೊಂಡು. ಇಷ್ಟೇ, ನಿಜವನ್ನು ಹೇಳಿಯೂ ಸೋತೆ, ಇನ್ನು ಏನು ಹೇಳಿದರೂ ದೃಷ್ಟಿಯ ಭಯ, ಆಣೆ ಮಾಡಿದರೂ ದೃಷ್ಟಿಯ ಭಯ — ಒಂದನ್ನು ಬಿಟ್ಟು. ಒಂದು ಮಾತಿದೆ, ದೃಷ್ಟಿಗೆ ಹೆದರಿದ ತಾಯಿ ಸತ್ತರೂ ಬಾಯಿಂದ ತರುವುದಿಲ್ಲ, ತೊಟ್ಟಿಲಲ್ಲಿ ಮಗು ಇರುವವಳು ತನಗೆ ತಾನು ಆ ಹೆಸರಿಟ್ಟುಕೊಳ್ಳುವುದಿಲ್ಲ, ನನ್ನ ಅತ್ತೆ ಒಂದು ದಿನವೂ ಆಡದ ಮಾತು, ಮದುವೆ ಮನೆಗಳಲ್ಲಿ ನಾನು ಬಂದಾಗ ಜನ ನಾಲಿಗೆಯ ಹಿಂದೆ ಇಟ್ಟುಕೊಳ್ಳುವ ಮಾತು, ನಾನೇ ಕನ್ನಡಿಯ ಮುಂದೆ ಕೂಡ ಆಡದ್ದು. ಮೈಕು ಬಾಯಿಗೆ ತಂದೆ. ನಾನು ಬಂಜೆ ಕಣ್ರವ್ವ. ನಗು ನಿಂತಿತು, ನಲ್ಲಿ ತಿರುಗಿಸಿದಂತೆ. ಮೂರು ವರ್ಷ ಈ ಪುಡಿ ತಿಂದೆ, ಡಾಕ್ಟ್ರ ತಾವ ಓಗ್ಬ್ಯಾಡ ಅಂದ್ರು, ಓಗ್ಲಿಲ್ಲ, ಈಗ ಟೈಮ್ ಓಗ್ಬುಟ್ಟದೆ, ನಾನು ಬಂಜೆ, ನೀವು ಓಗಿ, ಇವತ್ತೇ ಓಗಿ, ಗಂಡುನ್ನೂ ಎಳ್ಕೊಂಡ್ ಓಗಿ. ನೆಟಿಗೆ ಮುರಿದ ಮುದುಕಿ ಸೆರಗು ಬಾಯಿಗೆ ತುರುಕಿಕೊಂಡಳು. ಸುಕನ್ಯ ಮೈಕಿಗೆ ಕೈ ಹಾಕಿದಳು, ಕೊಟ್ಟೆ, ತಗೋ, ಇನ್ನು ಏನು ಬೇಕಾದರೂ ಹೇಳು, ಮೈಕು ಕುಯ್ ಎಂದಿತು. ಯಾಸ್ಮೀನ್ ಎದ್ದಳು. ಡಬ್ಬಿಯನ್ನು ಕುರ್ಚಿಯ ಮೇಲಿಟ್ಟಳು, ಮೆಲ್ಲಗೆ, ಒಡೆಯುವ ಸಾಮಾನಿನಂತೆ, ಕುರ್ಚಿಗಳ ಸಂದಿಯಲ್ಲಿ ಮಂಡಿ ತಾಗಿಸಿಕೊಳ್ಳುತ್ತ ನನ್ನ ಕಡೆಗೆ ಬಂದಳು, ಫೋನು ಆನ್ ಮಾಡುತ್ತಲೇ ಬಂದಳು, ಸೋಮವಾರ ಎಷ್ಟು ಗಂಟೆಗೆ ಅಂದಿದ್ರು ರೀ, ಅಂತ ಅಜ್ಮಲ್‌ಗೆ ಕೇಳುತ್ತಿದ್ದಾಳೆ, ಅವಳ ಇನ್ನೊಂದು ಕೈ ನನ್ನ ಮುಂಗೈ ಹಿಡಿದಿದೆ, ನಡೀರಕ್ಕ, ಹೋಗಣ. ಹೋಗಬೇಕು. ಸಾಯಂಕಾಲದ ಹಾಲಿನ ಹೊತ್ತಿಗೆ ಮನೆ ಸೇರಬೇಕು, ಅತ್ತೆಗೆ ನಾನೇ ಹೇಳಬೇಕು, ಬೇರೆಯವರ ಬಾಯಿಂದ ಕೇಳುವ ಮೊದಲು, ಚಿನ್ನುಗೆ ನೀರು — ಬ್ಲೌಸು ಬಸ್ಸಿನಲ್ಲೇ ಬಿಟ್ಟೆನೇನೋ — ಪರದೆಯನ್ನು ಯಾರೂ ಆರಿಸಿಲ್ಲ, ಯಾರಿಗೂ ಹೊಳೆದಿಲ್ಲ, ಅಲ್ಲಿ ನಾನು ಇನ್ನೂ ನಗುತ್ತಿದ್ದೇನೆ, ತಾಳಿ ಇನ್ನೂ ಅದರ ಮುಷ್ಟಿಯಲ್ಲೇ ಇದೆ, ಕಿರುಬೆರಳು ಬಿಡಿಸಿದೆ, ಮಡಚಿಕೊಂಡಿತು, ಉಂಗುರದ ಬೆರಳು ಬಿಡಿಸಿದೆ, ಮಡಚಿಕೊಂಡಿತು, ಬಿಡು ಕಂದ, ನಿನ್ನಮ್ಮ ಕರೀತಾವ್ಳೆ, ಬಿಡು, ಕಿರುಬೆರಳು ಬಿಡಿಸಿದೆ, ಮಡಚಿಕೊಂಡಿತು